ಹೊಸದಾಗಿದ್ದುದನ್ನೇ ಪ್ರಶ್ನಿಸಬೇಕಿತ್ತು

“ಇತ್ತೀಚೆಗೆ ಚೆನ್ನಾಗಿ ನೋಡಿಕೊಂಡಿರುವ ಕಾರು. ಕೊಳ್ಳಬಹುದು.” 2023ರ ಫೆಬ್ರವರಿಯಲ್ಲಿ ನಾನು ಸಹಿ ಹಾಕಿದ ಪಿಪಿಐ (ಹಳೆಯ ಕಾರು ಕೊಳ್ಳುವ ಮುನ್ನ ಮಾಡಿಸುವ ತಪಾಸಣೆ) ವರದಿಯೊಂದರ ಕೊನೆಯ ಸಾಲು ಇದು. ಅದರ ನಕಲನ್ನು ಈಗಲೂ ನನ್ನ ಟೂಲ್ ಟ್ರಾಲಿಯ ಮೇಲಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ವರ್ಕ್‌ಶಾಪಿಗೆ ಆ ಕಾರನ್ನು ಬೆಂಗಳೂರಿನ ಮಾರಾಟಗಾರರೊಬ್ಬರು ಫ್ಲಾಟ್‌ಬೆಡ್‌ನಲ್ಲಿ ತಂದಿಳಿಸಿದ್ದರು. 2008ರ ಪೋರ್ಷೆ ಬಾಕ್ಸ್‌ಸ್ಟರ್, ಮ್ಯಾನುವಲ್ ಗೇರ್, ಮೂರನೇ ಮಾಲೀಕರು, ಮೀಟರಿನಲ್ಲಿ 46,300 ಕಿಲೋಮೀಟರ್. ಸರ್ವಿಸ್ ಪುಸ್ತಕದಲ್ಲಿ 2016ರವರೆಗೆ ಮೊಹರುಗಳಿದ್ದವು. ಅಲ್ಲಿಂದ ಮುಂದಕ್ಕೆ ಕೇವಲ ಎರಡು ಬಿಲ್ಲುಗಳು, ಅವೂ ಆಯಿಲ್ ಬದಲಿಸಿದ್ದಕ್ಕೆ. ಕೊಳ್ಳಲಿದ್ದವರು ಗೋಕುಲಂನ ಒಬ್ಬ ವೈದ್ಯರು. ಇಪ್ಪತ್ತು ವರ್ಷ ಇಂಥದೊಂದು ಕಾರಿಗಾಗಿ ಹಣ ಕೂಡಿಸಿಟ್ಟಿದ್ದೇನೆ ಎಂದು ಅವರು ಹೇಳಿದಾಗ, ಈ ಕಾರಿನಲ್ಲಿ ಒಂದು ತಪ್ಪೂ ನನ್ನ ಕಣ್ಣು ತಪ್ಪಿಸಬಾರದು ಎಂದು ನಿಜವಾಗಿಯೂ ಅಂದುಕೊಂಡಿದ್ದೆ.

ಡಾಕ್ಟರು, ಒಡೆದರೆ ಎಂಜಿನ್ನನ್ನೇ ಹಾಳುಮಾಡುವ ಐಎಂಎಸ್ ಬೇರಿಂಗ್ ಬಗ್ಗೆ ಸಾಕಷ್ಟು ಓದಿಕೊಂಡು ಬಂದಿದ್ದರು. 2008ರವರೆಗಿನ ಬಾಕ್ಸ್‌ಸ್ಟರ್‌ಗಳನ್ನು ನೋಡಲು ಬರುವ ಯಾರೇ ಆದರೂ ಮೊದಲು ಕೇಳುವುದು ಅದನ್ನೇ. 2009ರ ಮಾದರಿಯಿಂದ ಬಂದ ಹೊಸ ಎಂಜಿನ್ನಿನಲ್ಲಿ ಆ ಬೇರಿಂಗೇ ಇಲ್ಲ. ಈ ಕಾರಿನಲ್ಲಿದ್ದುದು ಹಿಂದಿನ ವರ್ಷಗಳದಕ್ಕಿಂತ ದೊಡ್ಡದಾದ, ಎಂಜಿನ್ ಬಿಚ್ಚದೆ ಬದಲಿಸಲಾಗದ ಬೇರಿಂಗ್. ಆದ್ದರಿಂದ ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರುಗಳಿವೆಯೇ ಎಂದು ನೋಡಿದೆ, ಪ್ಲಗ್ ತೆಗೆದು ಬೋರೋಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ಆರೂ ಸಿಲಿಂಡರುಗಳ ಗೋಡೆ ಪರೀಕ್ಷಿಸಿದೆ, ಎಂಜಿನ್ನಿನ ಕಂಪ್ಯೂಟರಾದ ಡಿಎಂಇಯಿಂದ, ಎಂಜಿನ್ ವೇಗ ಮಿತಿ ಮೀರಿದ ಲೆಕ್ಕ ಕೊಡುವ ಓವರ್‌ರೆವ್ ವರದಿ ತೆಗೆದೆ. ಎರಡನೇ ರೇಂಜಿನಲ್ಲಿ ಸೊನ್ನೆ ಇತ್ತು, ಅಂದರೆ ಯಾರೂ ತಪ್ಪು ಗೇರಿಗಿಳಿಸಿ ಎಂಜಿನ್ನನ್ನು ಮಿತಿಮೀರಿ ತಿರುಗಿಸಿರಲಿಲ್ಲ. ಎಂಜಿನ್ ಓಡಿದ ಗಂಟೆಗಳು 1,560. ಗಂಟೆಗೆ ಸರಾಸರಿ ಸುಮಾರು 30 ಕಿಲೋಮೀಟರ್ ಬರುವುದರಿಂದ ಮೀಟರ್ ತಿರುಗಿಸಿದ ಅನುಮಾನಕ್ಕೂ ಎಡೆಯಿರಲಿಲ್ಲ. ಸರ್ವಿಸ್ ಪುಸ್ತಕ ಹೇಳದೆ ಬಿಟ್ಟದ್ದನ್ನು ಎಂಜಿನ್ನಿನ ಬಾಯಿಂದಲೇ ಕೇಳಿದೆನೆಂಬ ತೃಪ್ತಿ ನನಗಾಗಿತ್ತು.

ಇಷ್ಟಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿದಿತ್ತು. ನಮ್ಮ ಮಾಲೀಕರ ಲೆಕ್ಕದಲ್ಲಿ ಪಿಪಿಐಗೆ ಒಂದೇ ಗಂಟೆ, ಕಾರು ಆಲ್ಟೋ ಆಗಿರಲಿ, ಪೋರ್ಷೆ ಆಗಿರಲಿ. ರ‍್ಯಾಂಪ್ ಖಾಲಿ ಮಾಡುವಂತೆ ಆಫೀಸಿನಿಂದ ಎರಡು ಸಲ ಕರೆ ಬಂತು. ಅವರ ಫಾರ್ಮಿನಲ್ಲಿ ಮ್ಯೂಸಿಕ್ ಸಿಸ್ಟಂ ಸ್ಪೀಕರುಗಳಿಗೆ ನಾಲ್ಕು ಕಾಲಂ ಇವೆ, ಕಾರ್ಪೆಟ್ ಕೆಳಗಿನ ತಗಡಿಗೆ ಒಂದೂ ಇಲ್ಲ. ಈ ಮಾತನ್ನು ನಾನು ಅವರಿಗೆ ನೇರವಾಗಿಯೇ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತೇನೆ. ಆದರೆ ಆ ದಿನದ ತಪ್ಪನ್ನು ಫಾರ್ಮಿನ ಮೇಲೆ ಹಾಕಿ ಕೈತೊಳೆದುಕೊಳ್ಳಲು ನನಗೆ ಸಾಧ್ಯವಿಲ್ಲ, ಏಕೆಂದರೆ ನನಗೆ ಹೇಳಿದವನೊಬ್ಬನಿದ್ದ.

ನಮ್ಮ ಹೆಲ್ಪರ್ ಮಳವಳ್ಳಿ ಕಡೆಯ ಹುಡುಗ, ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಸೀಟು ಹಿಂದಕ್ಕೆ ಸರಿಸಿ ಟಾರ್ಚ್ ಹಿಡಿದಿದ್ದವನು, “ಅಣ್ಣಾ, ಕೆರೆ ಮಣ್ಣಿನ್ ವಾಸ್ನೆ ಬತ್ತಾ ಅದೆ,” ಎಂದ. ನಾನು ಬಗ್ಗಿ ಕೈಯಿಟ್ಟು ನೋಡಿದೆ. ಕಾರ್ಪೆಟ್ ಅಂಚಿನಲ್ಲಿ ತುಸು ತೇವವಿತ್ತು. ಬಾಕ್ಸ್‌ಸ್ಟರ್‌ನ ಬಟ್ಟೆಯ ಛಾವಣಿಯ ಬುಡದಲ್ಲಿರುವ ನೀರು ಹರಿಯುವ ರಂಧ್ರಗಳಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ಒಳಗಿಳಿಯುವುದು ಎಲ್ಲರೂ ಬಲ್ಲ ಸಂಗತಿ. ಅದನ್ನೇ ಅವನಿಗೆ ಪಾಠದಂತೆ ವಿವರಿಸಿ, ವರದಿಯಲ್ಲಿ “ಡ್ರೈನ್ ಶುಚಿಗೊಳಿಸಬೇಕು” ಎಂದು ಬರೆದು ಮುಂದಕ್ಕೆ ಹೋದೆ. ಫೆಬ್ರವರಿ ತಿಂಗಳಿನಲ್ಲಿ, ಮಳೆಯೇ ಇಲ್ಲದ ಕಾಲದಲ್ಲಿ, ಡ್ರೈನ್ ಕಟ್ಟಿ ಕಾರ್ಪೆಟ್ ತೇವವಾಗಲು ನೀರು ಎಲ್ಲಿಂದ ಬರಬೇಕು ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ. ಗೊತ್ತಿದ್ದ ಕಾರಣವೊಂದು ಕೈಗೆ ಸಿಕ್ಕಿದ್ದರಿಂದ ಗೊತ್ತಿಲ್ಲದ ಕಾರಣವನ್ನು ಹುಡುಕಲಿಲ್ಲ.

ಕಣ್ಣೆದುರಿಗಿದ್ದದ್ದು ಇನ್ನೂ ಇತ್ತು. ಎಂಜಿನ್ ಆಯಿಲ್ ಜೇನಿನಷ್ಟು ತಿಳಿ. ಬ್ರೇಕ್ ಫ್ಲೂಯಿಡ್ ಹೊಸದು, ಗೇರ್ ಆಯಿಲ್ ಹೊಸದು, ಕ್ಯಾಬಿನ್ ಫಿಲ್ಟರ್ ಹೊಸದು, ಬ್ಯಾಟರಿಯ ಮೇಲಿನ ತಾರೀಖು 2022ರ ನವೆಂಬರ್, ಕಾರ್ಪೆಟ್ ಸಹ ಹೊಸದಾಗಿ ಅಂಟಿಸಿದ್ದು. ಆರು ವರ್ಷ ಸರಿಯಾದ ಲೆಕ್ಕವೇ ಇಲ್ಲದ ಕಾರಿನಲ್ಲಿ ಇಷ್ಟೆಲ್ಲ ಒಂದೇ ಸಲ ಹೊಸದಾಗಿತ್ತು, ಯಾವುದಕ್ಕೂ ಬಿಲ್ಲಿರಲಿಲ್ಲ. ಅದನ್ನು ನಾನು ಕಾಳಜಿ ಎಂದು ಓದಿಕೊಂಡೆ. ಸ್ಕ್ಯಾನರಿನಲ್ಲಿ ಒಂದೂ ಫಾಲ್ಟ್ ಕೋಡ್ ಇರಲಿಲ್ಲ, ಆದರೆ ಕಾರಿನ ಕಂಪ್ಯೂಟರು ತಾನೇ ನಡೆಸುವ ಪರೀಕ್ಷೆಗಳಾದ ರೆಡಿನೆಸ್ ಮಾನಿಟರುಗಳಲ್ಲಿ ಎರಡು ಪೂರ್ಣಗೊಂಡಿರಲಿಲ್ಲ. ಯಾರೋ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ, ಇಲ್ಲವೇ ಬ್ಯಾಟರಿ ಕಳಚಿದ್ದಾರೆ ಎಂದರ್ಥ. ಹೊಸ ಬ್ಯಾಟರಿ ಇತ್ತಲ್ಲ, ಅಷ್ಟಕ್ಕೇ ಸಮಾಧಾನಪಟ್ಟೆ. ವಿಮಾ ಪಾಲಿಸಿಯಲ್ಲಿ ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆ ಇತ್ತು. ಕ್ಲೇಮ್ ಇಲ್ಲದೆ ಐದು ವರ್ಷ ಕಳೆದರೆ ಅದು ಶೇಕಡಾ 50 ಇರಬೇಕು. ಕೇಳಿದ್ದಕ್ಕೆ ಮಾರಾಟಗಾರರ ಕಡೆಯವರು, “ಓನರ್ ಬದಲಾದ್ರು ಸರ್, ಎನ್‌ಸಿಬಿ ಹೊಸಬರಿಗೆ ಬರೋದಿಲ್ಲ,” ಎಂದರು. ಆ ನಿಯಮ ನಿಜವೇ ಆದ್ದರಿಂದ ಹಿಂದಿನ ವರ್ಷದ ಪಾಲಿಸಿ ತೋರಿಸಿ ಎಂದು ನಾನು ಕೇಳಲಿಲ್ಲ.

ಜೂನ್ ತಿಂಗಳ ಒಂದು ರಾತ್ರಿ ಒಂಬತ್ತೂವರೆಗೆ ಡಾಕ್ಟರ ಕರೆ ಬಂತು. ಬೆಂಗಳೂರಿನಿಂದ ಹೆಂಡತಿಯೊಡನೆ ಹಿಂದಿರುಗುತ್ತಿದ್ದಾಗ, ಎಕ್ಸ್‌ಪ್ರೆಸ್‌ವೇಯಲ್ಲಿ ಮದ್ದೂರು ದಾಟಿದ ಮೇಲೆ, ಮಳೆಯಲ್ಲಿ, ಹೆಡ್‌ಲೈಟು, ಮೀಟರು, ವೈಪರು ಎಲ್ಲವೂ ಒಟ್ಟಿಗೆ ಆರಿಹೋಗಿದ್ದವು. ಸ್ಟೀರಿಂಗ್ ಬಿಗಿಯಾದ ಕಾರನ್ನು ಕತ್ತಲಲ್ಲೇ ಎಡಕ್ಕೆ ತಂದು ನಿಲ್ಲಿಸಿದ್ದರು, ಆದರೂ ಹಿಂಭಾಗ ಇನ್ನೂ ಲೇನಿನೊಳಗೇ ಇತ್ತು. ಹಜಾರ್ಡ್ ಲೈಟ್ ಸಹ ಉರಿಯುತ್ತಿರಲಿಲ್ಲ. ಎಚ್ಚರಿಕೆಯ ತ್ರಿಕೋನ ಮುಂದಿನ ಡಿಕ್ಕಿಯಲ್ಲಿತ್ತು. ಈ ಕಾರಿನ ಮುಂದಿನ ಡಿಕ್ಕಿ ಕರೆಂಟ್ ಇಲ್ಲದೆ ತೆರೆಯುವುದಿಲ್ಲ. ಕಾರನ್ನು ಹಾಗೇ ಬಿಟ್ಟು ಇಬ್ಬರೂ ಎಡಬಾಗಿಲಿನಿಂದ ಇಳಿದು ಬೇಲಿಯ ಆಚೆ ನಿಲ್ಲಿ, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ ಎಂದೆ. ಅವರು ಅದಕ್ಕೆ ಕರೆ ಮಾಡಿ ಮತ್ತೆ ನನ್ನೊಡನೆ ಮಾತಿಗೆ ಬಂದ ಮೇಲೆ ಗಸ್ತು ವಾಹನ ಬರುವವರೆಗೆ ಇಪ್ಪತ್ತೆರಡು ನಿಮಿಷ. ಅಷ್ಟೂ ಹೊತ್ತು ಫೋನಿನಲ್ಲಿ ನನಗೆ ಕೇಳಿಸುತ್ತಿದ್ದುದು ಮಳೆ, ಹತ್ತಿರವಾಗುವ ಲಾರಿಯ ಹಾರ್ನ್, ಮತ್ತೆ ಮಳೆ. ಹಾದುಹೋದ ಪ್ರತಿ ಲಾರಿಯ ಬಳಿಕ ಡಾಕ್ಟರು “ಹೋಯ್ತು” ಎನ್ನುವವರೆಗೂ ನಾನು ಉಸಿರು ಬಿಡುತ್ತಿರಲಿಲ್ಲ. ಅವರ ಕಡೆಗೆ ಹೊರಟಿದ್ದ ನಮ್ಮ ವ್ಯಾನನ್ನು ಆ ಹುಡುಗ ನನ್ನ ಪಕ್ಕದಲ್ಲಿ ಕುಳಿತು ಓಡಿಸುತ್ತಿದ್ದ. ಶ್ರೀರಂಗಪಟ್ಟಣ ದಾಟುವವರೆಗೂ ಅವನು ಒಂದು ಮಾತನ್ನೂ ಆಡಲಿಲ್ಲ.

ಮರುದಿನ ಎರಡೂ ಸೀಟು ಇಳಿಸಿ ಕಾರ್ಪೆಟ್ ಎತ್ತಿದೆವು. ಸೀಟಿನ ರೈಲುಗಳ ಒಳಗೆ, ಬೋಲ್ಟುಗಳ ಎಳೆಗಳಲ್ಲಿ, ನುಣುಪಾದ ಕಂದು ಮಣ್ಣು ಒಣಗಿ ಕುಳಿತಿತ್ತು. ಒಳಗಿನ ಪದರದ ಫೋಮ್ ಹಳೆಯದೇ, ಹಿಂಡಿದರೆ ನೀರು. ಅರ್ಥ್ ಪಾಯಿಂಟು, ಕನೆಕ್ಟರುಗಳು ಹಸಿರು ಕಿಲುಬು ಹಿಡಿದು ಪುಡಿಯಾಗುತ್ತಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಅದರ ಬುಡದಲ್ಲಿ ನೀರು ನಿಂತ ಗೆರೆ ಸ್ಪಷ್ಟವಾಗಿ ಕಾಣಿಸಿತು. ಬೆಲ್ಟ್ ಎಳೆದು ನೋಡಲು ಹತ್ತು ಸೆಕೆಂಡು ಸಾಕಿತ್ತು, ಯಾರ ಅನುಮತಿಯೂ ಬೇಕಿರಲಿಲ್ಲ. ಆಮೇಲೆ ಡಾಕ್ಟರು ಹಳೆಯ ಪಾಲಿಸಿ ಹಿಡಿದು ವಿಚಾರಿಸಿದಾಗ 2022ರ ಸೆಪ್ಟೆಂಬರಿನ ದೊಡ್ಡದೊಂದು ಕ್ಲೇಮ್ ಹೊರಬಿತ್ತು. ಬೆಂಗಳೂರಿನ ಹೊರವರ್ತುಲ ರಸ್ತೆ, ಯಮಲೂರು ಕಡೆಯ ಬಡಾವಣೆಗಳಿಗೆ ನೀರು ನುಗ್ಗಿ ದುಬಾರಿ ಕಾರುಗಳು ಮುಳುಗಿದ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದ ತಿಂಗಳು ಅದು.

ಡಾಕ್ಟರು ನನ್ನ ಮೇಲೆ ಒಂದು ದಿನವೂ ರೇಗಲಿಲ್ಲ. “ನೀವು ನೋಡಿದ್ದೀರಿ ಅಂತ ತಗೊಂಡೆ,” ಎಂದರು, ಅಷ್ಟೇ. ಮಾರಾಟಗಾರರ ಜೊತೆ ಅವರ ವ್ಯಾಜ್ಯ ಇನ್ನೂ ಮುಗಿದಿಲ್ಲ. ವೈರಿಂಗ್ ಪೂರ್ತಿ ಬದಲಿಸುವ ಕೆಲಸವನ್ನು ನಾನು ಕೂಲಿ ಹಿಡಿಯದೆ ಭಾನುವಾರಗಳಲ್ಲಿ ಮಾಡುತ್ತಿದ್ದೇನೆ. ಫಾರ್ಮಿನಲ್ಲಿ ಹೊಸ ಕಾಲಂ ಸೇರಿಸಲು ಮಾಲೀಕರು ಇನ್ನೂ ಒಪ್ಪಿಲ್ಲ. ಹಾಗಾಗಿ ಪ್ರತಿ ವರದಿಯ ಹಿಂಬದಿಯಲ್ಲಿ, ಆ ಕಾರಿನಲ್ಲಿ ಹೊಸದಾಗಿ ಕಂಡ ಭಾಗಗಳನ್ನೂ ಅವುಗಳ ಬಿಲ್ಲು ಇದೆಯೋ ಇಲ್ಲವೋ ಎಂಬುದನ್ನೂ ಕೈಯಿಂದ ಬರೆಯುತ್ತೇನೆ. ಸೀಟು ಇಳಿಸಲು ಒಪ್ಪದ ಮಾರಾಟಗಾರರ ಕಾರಿಗೆ ನಾನು ಸಹಿ ಹಾಕುವುದಿಲ್ಲ. ಸ್ಕ್ಯಾನರ್ ಜೋಡಿಸುವ ಮೊದಲು ಆ ಹುಡುಗನನ್ನು ಕರೆದು, ಬಾಗಿಲು ಮುಚ್ಚಿ ಐದು ನಿಮಿಷ ಒಳಗೆ ಕೂರಿಸುತ್ತೇನೆ.