ಆಗುಂಬೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ: ಒಂದು ಸೀಳಿನ ಎರಡು ಗುರುತು

ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಹೊರಡುವವರು ಹಿಂದಿನ ಸಂಜೆಯನ್ನು ಆಗುಂಬೆಯಲ್ಲಿ ಕಳೆಯುವುದು ಒಳ್ಳೆಯದು, ಏಕೆಂದರೆ ಘಟ್ಟದ ಅಂಚನ್ನು ನೋಡಿ ಇಳಿದವರಿಗೆ ದ್ವೀಪದ ಕಲ್ಲು ಬೇರೆಯಾಗಿಯೇ ಕಾಣುತ್ತದೆ.

ಜನವರಿಯಲ್ಲಿ ನಾವು ಅಲ್ಲಿನ ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತಾಗ ಎದುರಿಗೆ ನೆಲ ಒಮ್ಮೆಲೇ ಇಳಿದುಹೋಗಿತ್ತು. ಬೆನ್ನ ಹಿಂದೆ ತೀರ್ಥಹಳ್ಳಿಯ ಕಡೆಗೆ ಅಂಥ ಇಳಿಜಾರೇ ಇಲ್ಲ. ಪಶ್ಚಿಮ ಘಟ್ಟವು ಹಿಮಾಲಯದಂತೆ ಭೂಫಲಕಗಳ ಡಿಕ್ಕಿಯಿಂದ ಮಡಿಕೆಬಿದ್ದು ಎದ್ದದ್ದಲ್ಲ. ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲವಾಗಿದ್ದು ಸೀಳಿಕೊಂಡ ಮೇಲೆ ಉಳಿದ ಪ್ರಸ್ಥಭೂಮಿಯ ಅಂಚನ್ನು ಮಳೆಯೂ ಸೀತಾ ನದಿಯಂತಹ ಪಶ್ಚಿಮವಾಹಿನಿಗಳೂ ಕೊರೆಯುತ್ತ ಪೂರ್ವಕ್ಕೆ ಸರಿಸಿದ್ದರಿಂದ ಈ ಗೋಡೆ ಉಂಟಾಯಿತು. ಅದೇ ಊರಿನ ಮಾಲತಿ ಹೊಳೆ ಮಾತ್ರ ತುಂಗೆಯನ್ನು ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ.

ಆಗುಂಬೆಯಿಂದ ಘಟ್ಟದ ಬುಡದ ಸೋಮೇಶ್ವರದವರೆಗಿನ 14 ತಿರುವುಗಳಲ್ಲಿ ತಲೆಸುತ್ತು ಬರುವವರು ಹೊಟ್ಟೆ ತುಂಬ ತಿಂದು ಹೊರಡಬಾರದು. ನಮ್ಮ ಗುಂಪಿನಲ್ಲಿ ಇಬ್ಬರು ಇದನ್ನು ಕಡುಬು ತಿಂದ ಮೇಲೆ ಕಲಿತರು.

ಮರುದಿನ ಬೆಳಗಿನ ಮೊದಲ ದೋಣಿಗಳಲ್ಲೇ ದ್ವೀಪಕ್ಕೆ ಹೋಗಿ. ಬಿಸಿಲೇರಿದ ಮೇಲೆ ಕಲ್ಲು ಕಾಯುತ್ತದೆ, ನೆರಳೆಂದರೆ ತೆಂಗಿನ ಮರಗಳದ್ದು ಮಾತ್ರ. ಮಳೆಗಾಲದಲ್ಲಿ ದೋಣಿ ಸಂಚಾರ ಇರುವುದಿಲ್ಲ. ಇಲ್ಲಿನ ಶಿಲೆಯನ್ನು ಬಸಾಲ್ಟ್ (ಕಪ್ಪು ಲಾವಾಶಿಲೆ) ಎಂದು ಕರೆಯುವ ರೂಢಿಯಿದ್ದರೂ ಇದು ಮರಳಿನ ಮುಖ್ಯ ಅಂಶವಾದ ಸಿಲಿಕಾ ಹೆಚ್ಚಿರುವ ರಯೋಲೈಟ್ ಬಗೆಯ ಲಾವಾ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತ-ಮಡಗಾಸ್ಕರ್‌ಗಳ ಆ ಸೀಳುವಿಕೆಯ ಕಾಲದಲ್ಲೇ, ಉಕ್ಕಿದ್ದು. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಒಣಗಿ ಬಿರಿಯುವಂತೆ ಲಾವಾ ತಣಿದು ಕುಗ್ಗಿದಾಗ ಬಿರುಕುಗಳು ಹುಟ್ಟಿದವು. ತಂಪು ಒಳಗಿಳಿದಂತೆಲ್ಲ ಅವೂ ಆಳಕ್ಕಿಳಿದು ಬಂಡೆಯನ್ನು ಕಂಬಗಳಾಗಿ ಸೀಳಿದವು. ಎಲ್ಲ ಕಂಬಗಳಿಗೂ ಆರು ಮುಖ ಎಂಬುದನ್ನು ನಂಬಬೇಡಿ. ನನ್ನ ಮಗಳು ಬೆರಳಿಟ್ಟು ಎಣಿಸಿದ ಹತ್ತರಲ್ಲಿ ಮೂರಕ್ಕೆ ಐದೇ ಇದ್ದವು, ಒಂದಕ್ಕೆ ಏಳು.

ಕಂಬಗಳ ನಡುವಿನ ಸಂದಿಯಲ್ಲಿ ಪಾಚಿಯಿರುವುದರಿಂದ ಹಿಡಿತವಿರುವ ಪಾದರಕ್ಷೆ ಬೇಕು. ತೀರದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು, ಬರಿಗಾಲಿಗೆ ಚುಚ್ಚುತ್ತವೆ. ಅಲೆ ಬಡಿಯುವ ಪಶ್ಚಿಮದ ಅಂಚಿಗೆ ಫೋಟೊಗಾಗಿ ಇಳಿಯದಿರಿ. ಕುಡಿಯುವ ನೀರನ್ನು ಮಲ್ಪೆಯಿಂದಲೇ ಒಯ್ಯಿರಿ. ಮರಳುವ ದೋಣಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕುಳಿತರೆ, ಆಕಾಶ ತಿಳಿಯಾಗಿದ್ದ ದಿನ, ಹಿಂದಿನ ಸಂಜೆ ನಿಂತಿದ್ದ ಘಟ್ಟದ ಸಾಲು ನೀಲಿ ಗೆರೆಯಂತೆ ಕಾಣುತ್ತದೆ.