ಬುಷೌ ಹಿಡಿದು ಚೀನಿ ಅಕ್ಷರ ಹುಡುಕುವ ಬಗೆ

ಉಚ್ಚಾರಣೆ ಗೊತ್ತಿಲ್ಲದ ಚೀನಿ ಅಕ್ಷರವನ್ನು ಅಚ್ಚಿನ ನಿಘಂಟಿನಲ್ಲಿ ಹುಡುಕಬೇಕಾದರೆ ಬುಷೌ ಬೇಕು. ಆ ಅಕ್ಷರವನ್ನು ಯಾವ ಗುಂಪಿನಲ್ಲಿ ಇಟ್ಟಿದ್ದಾರೆಂದು ತಿಳಿಸುವ ಭಾಗ ಅದು. ಕ್ರಿ.ಶ. 100ರ ಸುಮಾರಿಗೆ ಚೀನಾದ ನಿಘಂಟುಕಾರ ಷು ಷೆನ್ ಮಾಡಿದ್ದು 540 ಗುಂಪು. 1615ರಲ್ಲಿ ಇನ್ನೊಬ್ಬ ನಿಘಂಟುಕಾರ ಮೇ ಯಿಂಗ್‌ಝುವೋ ಅದನ್ನು 214ಕ್ಕೆ ಇಳಿಸಿದ, 1716ರ ಕಾಂಗ್‌ಷಿ ನಿಘಂಟು ಅದನ್ನೇ ಉಳಿಸಿಕೊಂಡಿತು. ಚೀನಾದ 2009ರ ಮಾನದಂಡದಲ್ಲಿರುವುದು 201. ನಿಮ್ಮ ನಿಘಂಟು ಯಾವ ಪಟ್ಟಿಯದು ಅನ್ನುವುದನ್ನು ಮೊದಲು ನೋಡಿಕೊಳ್ಳಿ.

'ನದಿ' ಎಂಬ ಅರ್ಥದ ಅಕ್ಷರ ತೆಗೆದುಕೊಳ್ಳೋಣ. ಎಡಗಡೆ ಒಂದರ ಕೆಳಗೊಂದು ಮೂರು ಚುಕ್ಕೆ: ನೀರಿನ ಬುಷೌ. ಬಲಗಡೆ ಉಳಿದದ್ದು 5 ಗೆರೆ (ಲೇಖನಿ ಎತ್ತದೆ ಒಮ್ಮೆಗೆ ಎಳೆಯುವುದು ಒಂದು ಗೆರೆ). ಕಾಂಗ್‌ಷಿ ಕ್ರಮದಲ್ಲಿ ನೀರು 85ನೆಯದು, ಅದರಡಿ 5 ಗೆರೆಗಳ ಸಾಲಿನಲ್ಲಿ ಅಕ್ಷರ ಸಿಗುತ್ತದೆ. ಬುಷೌನ ಗೆರೆಗಳನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಎಡವುವುದು ಗೆರೆ ಎಣಿಸುವಾಗ. 'ಬಾಯಿ' ಎಂಬ ಅಕ್ಷರದ ಚೌಕಕ್ಕೆ ನಾಲ್ಕು ಬದಿ, ಗೆರೆ ಮಾತ್ರ 3. ಮೇಲಿನದೂ ಬಲಗಡೆಯದೂ ಲೇಖನಿ ಎತ್ತದೆ ಒಂದೇ ಸಲ ಬರೆಯುವಂಥವು. ಇನ್ನು ಮೂರು ಚುಕ್ಕೆ ಕಾಂಗ್‌ಷಿಯಲ್ಲಿ 3 ಗೆರೆಗಳ ಪಟ್ಟಿಯಲ್ಲಿಲ್ಲ. ಅದರ ಪೂರ್ಣರೂಪಕ್ಕೆ, ಅಂದರೆ ನೀರು ಎಂಬ ಅಕ್ಷರಕ್ಕೆ, 4 ಗೆರೆ; ಆದ್ದರಿಂದ 4 ಗೆರೆಗಳ ಪಟ್ಟಿಯಲ್ಲಿ ನೋಡಬೇಕು. ಕಿವಿಯಾಕಾರದ ಭಾಗವಂತೂ ಇನ್ನೂ ತಂಟೆ: ಎಡಕ್ಕಿದ್ದರೆ ದಿಬ್ಬ (170, 8 ಗೆರೆ), ಬಲಕ್ಕಿದ್ದರೆ ಊರು (163, 7 ಗೆರೆ). ನೋಡಲು ಎರಡೂ ಒಂದೇ. ಚಂದ್ರನಂತೆ ಕಾಣುವ ಭಾಗ ದೇಹದ ಅಂಗಗಳನ್ನು ಹೇಳುವ ಅಕ್ಷರಗಳಲ್ಲಿ ಸಾಮಾನ್ಯವಾಗಿ ಮಾಂಸದ ಬುಷೌ, 130.

ಯಾವ ಭಾಗ ಬುಷೌ ಅನ್ನುವುದೂ ಕಣ್ಣಿಗೆ ಕಂಡಷ್ಟು ಸರಳವಲ್ಲ. 'ಕೇಳು, ಪ್ರಶ್ನಿಸು' ಎಂಬ ಅಕ್ಷರದಲ್ಲಿ ಬಾಗಿಲೊಳಗೆ ಬಾಯಿ ಇದೆ. ಬಾಗಿಲು ಉಚ್ಚಾರಣೆಗೆ, ಅರ್ಥ ಬಾಯಿಯದು; ಕಾಂಗ್‌ಷಿ ಅದನ್ನು ಬಾಯಿಯಡಿ ಇಟ್ಟಿದೆ. ಅರ್ಥದ ಕಡೆಯನ್ನೇ ಮೊದಲು ಹುಡುಕುವುದು ಲೇಸು, ಸಿಗದಿದ್ದರೆ ಇನ್ನೊಂದು ಭಾಗ. ಎರಡೂ ಕೈಕೊಟ್ಟರೆ ಅನೇಕ ನಿಘಂಟುಗಳಲ್ಲಿ ಕಷ್ಟದ ಅಕ್ಷರಗಳಿಗೆಂದೇ ಒಟ್ಟು ಗೆರೆಗಳ ಪ್ರತ್ಯೇಕ ಪಟ್ಟಿ ಇರುತ್ತದೆ.

ಕಂಪ್ಯೂಟರಿನಲ್ಲಿ ಬೇರೆಯೇ ತೊಡಕು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಗೊತ್ತುಮಾಡುವ ಯೂನಿಕೋಡ್ 214 ಕಾಂಗ್‌ಷಿ ಬುಷೌಗಳಿಗೆ ಪ್ರತ್ಯೇಕ ಸಂಕೇತ ಕೊಟ್ಟಿದೆ. ನೀರಿನ ಬುಷೌನ ಪೂರ್ಣರೂಪವೂ ನೀರು ಎಂಬ ಅಕ್ಷರವೂ ಪರದೆಯ ಮೇಲೆ ತದ್ರೂಪು, ಒಳಗಿನ ಸಂಕೇತ ಬೇರೆ. ಪಿಡಿಎಫ್‌ನಿಂದ ನಕಲು ಮಾಡಿದ ಪಠ್ಯದಲ್ಲಿ ಕಣ್ಣೆದುರಿಗಿರುವ ಅಕ್ಷರವೇ ಹುಡುಕಾಟಕ್ಕೆ ಸಿಗದಿದ್ದರೆ ಇದನ್ನೇ ಅನುಮಾನಿಸಿ. ಪಠ್ಯವನ್ನು ಎನ್‌ಎಫ್‌ಕೆಸಿ ರೂಪಕ್ಕೆ (ಇಂಥ ತದ್ರೂಪು ಸಂಕೇತಗಳನ್ನು ಒಂದುಗೂಡಿಸುವ ಯೂನಿಕೋಡ್ ರೂಪ) ಬದಲಿಸಿದರೆ ಈ 214 ಬುಷೌ ಸಂಕೇತಗಳೆಲ್ಲ ಮಾಮೂಲಿ ಅಕ್ಷರಗಳಾಗುತ್ತವೆ.