ಡ್ರೂಯಿಡ್‌ಗಳು ಎಲ್ಲಿ?

ಬೆಂಗಳೂರಿನ ನಮ್ಮ ಪ್ರೀಪ್ರೆಸ್ (ಮುದ್ರಣಪೂರ್ವ ಸಿದ್ಧತೆಯ) ಘಟಕದಲ್ಲಿ ಬ್ರಿಟಿಷ್ ಚಿತ್ರಕಲೆಯ ಪಠ್ಯಪುಸ್ತಕವೊಂದರ ಪುಟವಿನ್ಯಾಸ ನಡೆಯುತ್ತಿದ್ದಾಗ, ಸೆಕೆಂಡ್ ಪ್ರೂಫ್‌ನ ಅಂಚಿನಲ್ಲಿ ಲೇಖಕರು ಕೇಳಿದ್ದ ಪ್ರಶ್ನೆಯಿದು. ಚಿತ್ರ ವಿಲಿಯಂ ಹೋಲ್ಮನ್ ಹಂಟ್‌ನದು. 1850ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶನಗೊಂಡು, ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ಪ್ರಾಚೀನ ಬ್ರಿಟನ್ನಿನ ಡ್ರೂಯಿಡ್ ಪುರೋಹಿತರ ಹಿಂಸೆಯಿಂದ ತಪ್ಪಿಸಿಕೊಂಡ ಕ್ರೈಸ್ತ ಪ್ರಚಾರಕನಿಗೆ ಮತಾಂತರಗೊಂಡ ಬ್ರಿಟನ್ ಕುಟುಂಬವೊಂದು ಆಶ್ರಯ ಕೊಟ್ಟ ದೃಶ್ಯವಿದು ಎಂಬುದನ್ನು ಅದರ ಉದ್ದನೆಯ ಶೀರ್ಷಿಕೆಯೇ ಹೇಳುತ್ತದೆ.

ಕ್ರಾಪ್ ಆಗಿರಲಿಲ್ಲ, ರೆಸಲ್ಯೂಶನ್ ಸರಿಯಿತ್ತು, ಮುದ್ರಣಕ್ಕೆ ಮುನ್ನ ಫೈಲನ್ನು ತಪಾಸಿಸುವ ಪ್ರೀಫ್ಲೈಟ್‌ನಲ್ಲಿ ಎಲ್ಲವೂ ಹಸಿರಾಗಿತ್ತು. ಹಾಗಾಗಿ ‘ಸೋರ್ಸ್ ಫೈಲಿನಂತೆಯೇ ಇದೆ’ ಎಂದು ಷರಾ ಬರೆದು ಆ ಪ್ರಶ್ನೆಯ ಟಿಕೆಟ್ (ದೂರಿನ ದಾಖಲೆ) ಮುಚ್ಚಿದೆ. ಪ್ರೆಸ್ ಫೈಲ್ ಹೋಗಬೇಕಾದ ಸಂಜೆಯೇ ಅದು ಮತ್ತೆ ತೆರೆದುಕೊಂಡಿತು. ಬೆನ್ನಿಗೇ ಪ್ರಕಾಶಕರ ಕರೆ ಬಂತು. ಶೀರ್ಷಿಕೆ ಹೇಗೂ ಎರಡು ಸಾಲು ಮೀರುತ್ತಿದೆ, ಡ್ರೂಯಿಡ್‌ಗಳನ್ನು ಅಲ್ಲಿಂದ ತೆಗೆದರೆ ಎರಡೂ ತಕರಾರು ಒಟ್ಟಿಗೇ ತೀರುತ್ತವೆ ಎಂದು ಟೀಮ್ ಲೀಡ್ ಗಂಭೀರವಾಗಿಯೇ ಸೂಚಿಸಿದರು.

ಕರೆಯನ್ನು ಹೋಲ್ಡ್‌ನಲ್ಲಿಟ್ಟು ಹೈ-ರೆಸ್ ಫೈಲನ್ನು ಹಿಗ್ಗಿಸಿದೆ. ಮುಂಭಾಗದ ಗುಡಿಸಲಿನಲ್ಲಿ ಪ್ರಚಾರಕ ಬಳಲಿ ಒರಗಿದ್ದಾನೆ. ಒಬ್ಬ ಬಾಲಕ ಬಟ್ಟಲಿಗೆ ದ್ರಾಕ್ಷಿ ಹಿಂಡುತ್ತಿದ್ದಾನೆ, ಹುಡುಗಿಯೊಬ್ಬಳು ಪ್ರಚಾರಕನ ಉಡುಪಿಗೆ ಸಿಕ್ಕ ಮುಳ್ಳನ್ನು ಬಿಡಿಸುತ್ತಿದ್ದಾಳೆ. ದ್ರಾಕ್ಷಿ, ಮುಳ್ಳು, ಸ್ಪಂಜು ಎಲ್ಲವೂ ಕ್ರಿಸ್ತನ ಯಾತನೆಯನ್ನು ನೆನಪಿಸುವ ಗುರುತುಗಳು. ಡ್ರೂಯಿಡ್‌ಗಳು ಇದ್ದದ್ದು ದೂರದ ಹಿನ್ನೆಲೆಯಲ್ಲಿ. ಅಲ್ಲೊಬ್ಬ ಕೈಚಾಚಿ ತೋರಿಸುತ್ತಿದ್ದಾನೆ, ಜನ ಇನ್ನೊಬ್ಬ ಪ್ರಚಾರಕನನ್ನು ಬೆನ್ನಟ್ಟಿದ್ದಾರೆ. ಸುಮಾರು 141 ಸೆಂ.ಮೀ. ಅಗಲದ ಕ್ಯಾನ್ವಾಸನ್ನು ನಾವು 7 ಸೆಂ.ಮೀ. ಕಾಲಮ್ಮಿಗೆ ಇಳಿಸಿದ್ದೆವು, ಇಪ್ಪತ್ತು ಪಟ್ಟು ಕುಗ್ಗಿದ ಆ ಗುಂಪು ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ) ಕಪ್ಪಿನಲ್ಲಿ ಸಾಸಿವೆ ಚೆಲ್ಲಿದಂತಾಗಿತ್ತು. ಭಯವನ್ನು ದೂರದಲ್ಲಿಟ್ಟು ಆರೈಕೆಯನ್ನು ಹತ್ತಿರ ತಂದದ್ದೇ ಹಂಟ್‌ನ ಜಾಣ್ಮೆ. ಆ ದೂರ ಅಳಿಸಿದರೆ, ಮನೆಯವರು ಹೊರಗೆ ಇಣುಕುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಯಾರೋ ಕಾಯಿಲೆಯವನ ಶುಶ್ರೂಷೆಯಂತೆ ಕಾಣುತ್ತದೆ.

ಚರಿತ್ರೆಯ ದೃಷ್ಟಿಯಿಂದ ಚಿತ್ರವನ್ನು ಪೂರ್ತಿ ನಂಬಬೇಕಾಗಿಲ್ಲ. ರೋಮನ್ನರು ಕ್ರಿ.ಶ. 1ನೇ ಶತಮಾನದಲ್ಲೇ ಡ್ರೂಯಿಡ್‌ಗಳನ್ನು ಹತ್ತಿಕ್ಕಿದ್ದರು. ಹಂಟ್ ಹಿನ್ನೆಲೆಗೆ ತಂದಂಥ ಶಿಲಾವೃತ್ತಗಳಾದರೋ ಅವರಿಗಿಂತ ಬಹಳ ಹಳೆಯವು. ಆದರೆ ಲೇಖಕರು ಕೇಳಿದ್ದು ಚರಿತ್ರೆಯನ್ನಲ್ಲ, ಚಿತ್ರದ ಅಳತೆಯನ್ನು. ನಮ್ಮ ಟಿಕೆಟ್ ವ್ಯವಸ್ಥೆಯಲ್ಲಿ ‘ಚಿತ್ರ ದೋಷ’ದ ಕೆಳಗೆ ಬಣ್ಣ, ಕ್ರಾಪ್, ಮಸುಕು ಇವೆ, ಅಳತೆ ಇಲ್ಲ.

ಪುಟದ ಅಳತೆಗಳನ್ನು ಬದಲಿಸದಂತೆ ಕಟ್ಟಿಹಾಕಿದ್ದ ಟೆಂಪ್ಲೇಟಿನ ಲಾಕ್ ತೆಗೆಸಲು ಮೇಲಿನವರ ಅನುಮತಿಗೆ ಕಾಯುತ್ತ ಕುಳಿತದ್ದೇ ಆ ಸಂಜೆಯ ಅತ್ಯಂತ ಉದ್ದದ ಹೊತ್ತು. ಕೊನೆಗೆ ಚಿತ್ರ ಪುಟದ ಪೂರ್ಣ ಅಗಲಕ್ಕೆ ಹೋಯಿತು, ಶೀರ್ಷಿಕೆ ಅಖಂಡವಾಗಿ ಉಳಿಯಿತು, ಪಠ್ಯ ಜರುಗಿ ಇಂಡೆಕ್ಸಿನ ಪುಟಸಂಖ್ಯೆಗಳೆಲ್ಲ ತಪ್ಪಿದವು. ಅವನ್ನು ಸರಿಪಡಿಸಿದ್ದು ನಾವು, ಶನಿವಾರ ಕುಳಿತು. ವರದಿಯಲ್ಲಿ ಅದು ‘ಕ್ಲೈಂಟ್ ಕಡೆಯ ವಿಳಂಬ’ ಎಂದು ದಾಖಲಾಗಿದೆ.